ಬೇವಿನ ಹೆಸರಿನ ಬಾಟಲಿ

ಹೊಸಪೇಟೆ
9 ಅಕ್ಟೋಬರ್ 2005

ನೀಲಕ್ಕನಿಗೆ ಶಾಂಭವಿಯ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ಯಾರದೆಂದು ತಿಳಿಯದೆ ನೀವು ಇದನ್ನು ಒಡೆದಿರಬೇಕು. ತಿಳಿದಿದ್ದರೆ ಒಡೆಯುತ್ತಿದ್ದಿರೋ ಇಲ್ಲವೋ. ನಿಮ್ಮ ತಮ್ಮ ಚೋರನೂರಿನ ಮನೆತನದ ಹೊಲವನ್ನು ಅದಿರು ಸುರಿಯುವ ಯಾರ್ಡಿಗೆ ಕೊಟ್ಟ ದಿನ ನೀವು ಅವರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಸಂಡೂರು ಬಸ್ಸು ಹತ್ತಿದಿರಿ. ಅಂದಿನಿಂದ ಈ ಮನೆಯಲ್ಲಿ ನಿಮ್ಮ ಹೆಸರು ಎತ್ತುವಂತಿಲ್ಲ. ಫೋನು ಮಾಡಿದರೆ ಬಿಲ್ಲಿನಲ್ಲಿ ನಂಬರು ಬರುತ್ತದೆ, ಇವರು ನೋಡುತ್ತಾರೆ. ಅದಕ್ಕೇ ಕಾಗದ.

ಕೇಳಬೇಕಾದದ್ದು ಸಣ್ಣ ವಿಷಯ. ಹೊಸ ಮನೆಗೆ ಬಂದ ಮೇಲೆ ನಾನು ಕುಂಡಗಳಲ್ಲಿ ಗಿಡ ಬೆಳೆಸತೊಡಗಿದ್ದೇನೆ. ಕ್ರೋಟನ್, ದಾಸವಾಳ, ಮನಿ ಪ್ಲಾಂಟ್, ಎರಡು ಗುಲಾಬಿ. ಇವರು ಬೆಳಿಗ್ಗೆ ಯಾರ್ಡಿಗೆ ಹೋದರೆ ನನ್ನ ಜೊತೆ ಮಾತಾಡುವವರು ಅವೇ. ಈಗ ದಾಸವಾಳದ ಎಲೆಯ ಸಂದಿನಲ್ಲಿ ಹತ್ತಿಯ ಚೂರಿನಂಥದ್ದು ಅಂಟಿಕೊಂಡಿದೆ. ಮುಟ್ಟಿದರೆ ಬೆರಳು ಜಿಗಟಾಗುತ್ತದೆ. ಗುಲಾಬಿಯ ಎಲೆ ಬೂದಿ ಬಣ್ಣಕ್ಕೆ ತಿರುಗಿ, ಅಡಿಯಲ್ಲಿ ಜೇಡನ ಬಲೆಯಂಥ ನೂಲು.

ಇವರಿಗೆ ಹೇಳಿದೆ. "ಯಾರ್ಡಿನ ಹುಡುಗರ ಕೈಲಿ ಒಂದ್ ಡಬ್ಬಿ ಎಣ್ಣಿ ಕಳಸ್ತೀನಿ. ಹತ್ತಿಗೆ ಹೊಡಿತಾರಲ್ಲ, ಅದು. ಮಸ್ತ್ ಕೆಲಸ ಮಾಡತೈತಿ," ಅಂದರು. ಆದರೆ ನನ್ನ ಗಿಡಗಳು ನಾವು ಉಣ್ಣುವ ಮೇಜಿನ ಪಕ್ಕದಲ್ಲೇ ಇವೆ. ಧೂಳಿಗೆ ಹೆದರಿ ಕಿಟಕಿ ತೆರೆಯುವುದಿಲ್ಲ. ಅಂಥ ವಿಷವನ್ನು ಒಳಗೆ ಹೊಡೆಯಲು ಧೈರ್ಯ ಬರಲಿಲ್ಲ. ನಿಮ್ಮ ಅಂಗಳದಲ್ಲಿ ಯಾವ ಕಾಲಕ್ಕೂ ಗಿಡ ಹಸಿರಾಗಿ ಇರುತ್ತಿದ್ದದ್ದು ನೆನಪಾಯಿತು.

ನಿಮ್ಮ
ಶಾಂಭವಿ


ಸಂಡೂರು
17 ಅಕ್ಟೋಬರ್ 2005

ಶಾಂಭವಿ,

ನಿನ್ನ ಅಕ್ಷರ ನನಗೆ ಗೊತ್ತು. ಗೊತ್ತಿದ್ದೇ ಒಡೆದೆ.

ಹತ್ತಿಯಂತೆ ಕಾಣುವುದು ಹಿಟ್ಟು ತಿಗಣೆ. ಮೊದಲು ಆ ಕುಂಡವನ್ನು ಮಿಕ್ಕವುಗಳಿಂದ ದೂರ ಇಡು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದು ಹುಳಕ್ಕೂ ತಾಗಿಸಿ ಒರೆಸು. ಕುಂಡದ ಸುತ್ತ ಇರುವೆ ಓಡಾಡುತ್ತಿವೆಯೇ ನೋಡು. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಅವು ತಿಗಣೆಯನ್ನು ದನ ಕಾದಂತೆ ಕಾಯುತ್ತವೆ. ಇರುವೆಯ ದಾರಿ ಕಡಿಯದೆ ತಿಗಣೆ ಹೋಗುವುದಿಲ್ಲ.

ಗುಲಾಬಿಗೆ ಬಂದಿರುವುದು ನುಸಿ. ಅದು ಕಣ್ಣಿಗೆ ಕಾಣುವುದೇ ಕಷ್ಟ. ಧೂಳು ಕೂತ ಎಲೆ ಅಂದರೆ ನುಸಿಗೆ ಬಲು ಪ್ರೀತಿ. ನೀನು ಕಿಟಕಿ ಮುಚ್ಚಿದರೂ ನಿನ್ನ ಗಂಡ ಅಂಗಿಯ ಮೇಲೆ ದಿನಾ ಧೂಳು ಹೊತ್ತು ತರುತ್ತಾನಲ್ಲ. ಎಲೆಯ ಅಡಿಭಾಗವನ್ನು ನೀರಿನಿಂದ ಜೋರಾಗಿ ತೊಳೆ. ಅರ್ಧ ರೋಗ ಅಲ್ಲೇ ಹೋಗುತ್ತದೆ.

ಆಮೇಲೆ ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಚಮಚ ಬೇವಿನ ಎಣ್ಣೆ ಹಾಕು. ಎಣ್ಣೆ ನೀರಿನಲ್ಲಿ ಬೆರೆಯಲು ಅಂಟುವಾಳದ ಕಾಯಿ ನೆನೆಸಿದ ನೊರೆನೀರು ಸ್ವಲ್ಪ ಸೇರಿಸು. ಒಂದು ಎಲೆಗೆ ಹೊಡೆದು ಮರುದಿನ ಸುಡಲಿಲ್ಲ ಎಂದು ಖಾತ್ರಿಯಾದ ಮೇಲೆ ಇಡೀ ಗಿಡಕ್ಕೆ ಹೊಡೆ, ಸಂಜೆಯ ತಂಪಿನಲ್ಲಿ. ವಾರಕ್ಕೊಮ್ಮೆ, ಒಂದು ತಿಂಗಳಾದರೂ. ಬೇವು ಹುಳವನ್ನು ಹೊಡೆದು ಕೆಡವುವುದಿಲ್ಲ. ಅದರ ಹಸಿವು ಕೆಡಿಸುತ್ತದೆ, ಸಂತಾನ ನಿಲ್ಲಿಸುತ್ತದೆ. ಅವಸರದವರಿಗೆ ಹೇಳಿದ್ದಲ್ಲ.

ತಮ್ಮನ ಆರೋಗ್ಯ ಹೇಗಿದೆ ಎಂದು ನೀನು ಬರೆದಿಲ್ಲ. ನಾನೂ ಕೇಳುತ್ತಿಲ್ಲ.

ನಿನ್ನ ಅಕ್ಕ
ನೀಲಗಂಗಮ್ಮ


ಹೊಸಪೇಟೆ
11 ಡಿಸೆಂಬರ್ 2005

ಪ್ರೀತಿಯ ಅಕ್ಕ,

ದಾಸವಾಳ ಹೂ ಬಿಟ್ಟಿತು! ಗುಲಾಬಿಯ ಹೊಸ ಚಿಗುರು ಕೆಂಪಗೆ ಹೊಳೆಯುತ್ತಿದೆ.

ಅರ್ಧ ಶ್ರೇಯಸ್ಸು ದುರ್ಗಕ್ಕನದು. ನಿಮಗೆ ಅವಳು ಗೊತ್ತಿಲ್ಲ. ಗಾದಿಗನೂರಿನವಳು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಮನೆ ಕೆಲಸಕ್ಕೆ ಬರುತ್ತಾಳೆ. ಗಂಡ ಮೂಕಣ್ಣ ಇವರ ಯಾರ್ಡಿನಲ್ಲೇ ಲೋಡಿಂಗ್ ಕೆಲಸ ಮಾಡುತ್ತಾನೆ. ಮೊದಲ ದಿನ ಸ್ಪಿರಿಟ್ ಹತ್ತಿ ಕೊಟ್ಟಾಗ ನಕ್ಕೇ ನಕ್ಕಳು. "ಅಮ್ಮಾ, ಇದೇನು ಹುಳಕ್ಕ ಇಂಜೆಕ್ಷನ್ ಮಾಡಾದೇನ್ರಿ?" ಈಗ ಅವಳೇ ಎಲೆ ತಿರುವಿ ನೋಡುತ್ತಾಳೆ. ಮೊನ್ನೆ ಒಂದು ಗುಲಗಂಜಿ ಹುಳ ಸಿಕ್ಕಿದಾಗ ಕೊಲ್ಲಲು ಹೋಗಿದ್ದಳು. ಅದು ಗಿಡದ ಹೇನು ತಿನ್ನುವ ಹುಳ, ನಮ್ಮ ಕಡೆಯದು ಅಂತ ತಡೆದೆ. ಅಂದಿನಿಂದ ಅದಕ್ಕೆ "ನಮ್ಮ ಪಾರ್ಟಿಯಂವ" ಅಂತ ಹೆಸರಿಟ್ಟಿದ್ದಾಳೆ.

ಇವರ ಜೊತೆ ವ್ಯವಹಾರ ಇರುವವರ ಮನೆ ಹೆಂಗಸರು ಬಂದು ಗಿಡ ನೋಡಿ ಬೆರಗಾದರು. ಅವರ ಬಂಗಲೆಗಳಲ್ಲೂ ಇದೇ ಗೋಳು. ನಾನು ಬೇವಿನ ನೀರು ಬಾಟಲಿಗೆ ತುಂಬಿಸಿ ಕೊಟ್ಟೆ. ಇವರಿಗೆ ಎಷ್ಟು ಖುಷಿ ಅಂದರೆ, ಮದುವೆಯಾಗಿ ಮೊದಲ ಸಲ ನಾಲ್ಕು ಜನರ ಎದುರು "ನಮ್ಮಾಕಿ ಮಾಡಿದ್ದು" ಅಂದರು. ಇದನ್ನು ಯಾರಿಂದ ಕಲಿತೆ ಎಂದು ನಾನು ಹೇಳಲಿಲ್ಲ. ನೀವು ತಪ್ಪು ತಿಳಿಯಬಾರದು.

ನಿಮ್ಮ
ಶಾಂಭವಿ


ಸಂಡೂರು
4 ಜನವರಿ 2006

ಪ್ರೀತಿಯ ಶಾಂಭವಿ,

ದುರ್ಗಕ್ಕನ ಮಾತು ಓದಿ ನಾನೂ ನಕ್ಕೆ. ಅವಳನ್ನು ನೋಡಬೇಕೆನಿಸಿತು.

ಹೆಸರು ಹೇಳದ್ದಕ್ಕೆ ಬೇಸರವಿಲ್ಲ. ಬೇವು ನನ್ನ ಸ್ವತ್ತಲ್ಲ. ಆದರೆ ಬಾಟಲಿ ತುಂಬಿಸಿ ಕೊಡುವ ವಿಷಯದಲ್ಲಿ ಹುಷಾರು. ನೀರಿಗೆ ಬೆರೆಸಿದ ಬೇವಿನ ಎಣ್ಣೆ ಅಂದಂದೇ ಖಾಲಿಯಾಗಬೇಕು. ಇಟ್ಟರೆ ಕೆಡುತ್ತದೆ, ಹುಳಕ್ಕೆ ನಾಟುವುದಿಲ್ಲ. ಕೊಡುವುದಾದರೆ ಬರೀ ಎಣ್ಣೆ ಕೊಟ್ಟು, ಬೆರೆಸುವುದನ್ನು ಕಲಿಸು. ಕಲಿಯಲು ಬಿಡುವಿಲ್ಲದವರಿಗೆ ಗಿಡ ಯಾಕೆ?

ಕಾಗದ ಬರೆಯುತ್ತಾ ಇರು. ಈ ಬೀದಿಯಲ್ಲಿ ಈಗ ಲಾರಿಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಕಾಗದವೇ ಮೇಲು.

ನಿನ್ನ ಅಕ್ಕ
ನೀಲಗಂಗಮ್ಮ


ಹೊಸಪೇಟೆ
19 ಮಾರ್ಚ್ 2006

ಪ್ರೀತಿಯ ಅಕ್ಕ,

ಉತ್ತರ ತಡವಾಯಿತು, ಕೈ ತುಂಬ ಕೆಲಸ. ನನ್ನ ಬಾಟಲಿಗೆ ಈಗ ಲೇಬಲ್ ಇದೆ. ಬಳ್ಳಾರಿಯಲ್ಲಿ ಅಚ್ಚು ಹಾಕಿಸಿದ್ದು. ಮೇಲೆ ಬೇವಿನ ಎಲೆಯ ಚಿತ್ರ, ಕೆಳಗೆ "ವಿಷವಿಲ್ಲ, ಮಕ್ಕಳಿರುವ ಮನೆಗೂ ಕ್ಷೇಮ" ಎಂಬ ಮಾತು. ಆ ಮಾತು ನನ್ನದೇ.

ಒಂದು ತೊಡಕು ಬಂದಿತ್ತು. ದೊಡ್ಡ ಗಣಿಯವರ ಮನೆಯ ಗೃಹಪ್ರವೇಶಕ್ಕೆ ಗಿಡ, ಬಾಟಲಿ ಎಲ್ಲ ನಾನೇ ಕೊಟ್ಟಿದ್ದೆ. ಆ ಮನೆಯ ಹೆಂಗಸು ವಾರದೊಳಗೆ ಫೋನು ಮಾಡಿ, "ಎಷ್ಟ್ ಹೊಡದ್ರೂ ಹುಳ ಹಂಗ ಅದಾವ. ಬರೇ ವಾಸನಿ. ನಿಮ್ಮ ಎಣ್ಣಿ ಡೂಪ್ಲಿಕೇಟ್ ಏನ್ರಿ?" ಅಂದಳು. ಇವರ ಮುಖ ಸಣ್ಣದಾಯಿತು. ಆ ಮನೆಯವರಿಂದಲೇ ಇವರಿಗೆ ಅದಿರಿನ ಲೋಡು ಸಿಗುವುದು. ಒಂದು ತಿಂಗಳು ತಾಳಿ ಎಂದು ಅಂಥವರಿಗೆ ಹೇಳುವುದು ಹೇಗೆ? ಅವರಿಗೆ ಬೆಳಿಗ್ಗೆ ಹೊಡೆದರೆ ಸಂಜೆಗೆ ಹುಳ ಉದುರಬೇಕು.

ಅದಕ್ಕೆ ಇವರು ಕಂಪ್ಲಿಯಿಂದ ಭತ್ತಕ್ಕೆ ಹೊಡೆಯುವ ಎಣ್ಣೆ ತರಿಸಿದರು. ಚೂರೇ ಚೂರು, ಬೇವಿನ ಜೊತೆ. ಬೇವಿನ ವಾಸನೆಯಲ್ಲಿ ಅದರ ವಾಸನೆ ಗೊತ್ತೇ ಆಗುವುದಿಲ್ಲ. ಹುಳ ಒಂದೇ ದಿನಕ್ಕೆ ಉದುರಿತು. ಆ ಹೆಂಗಸು ಈಗ ಎಲ್ಲರಿಗೂ ನನ್ನ ಬಾಟಲಿಯನ್ನೇ ಹೇಳುತ್ತಿದ್ದಾಳೆ.

ನಿಮಗೆ ಹೇಳದೆ ಇರಲು ಮನಸ್ಸಾಗಲಿಲ್ಲ. ಬೈಯಬೇಡಿ.

ನಿಮ್ಮ
ಶಾಂಭವಿ


ಸಂಡೂರು
23 ಮಾರ್ಚ್ 2006

ಶಾಂಭವಿ,

ನಿನ್ನ ಕಾಗದ ತಲುಪಿದ ದಿನವೇ ಬರೆಯುತ್ತಿದ್ದೇನೆ.

ಭತ್ತದ ಗದ್ದೆ ಬಯಲು. ಅಲ್ಲಿ ಹೊಡೆಯುವವನು ಗಾಳಿ ನೋಡಿ, ಮೂಗಿಗೆ ಬಟ್ಟೆ ಕಟ್ಟಿ ಹೊಡೆಯುತ್ತಾನೆ. ಅವನಿಗೆ ತನ್ನ ಕೈಯಲ್ಲಿರುವುದು ಏನೆಂದು ಗೊತ್ತು. ನಿನ್ನ ಬಾಟಲಿ ಹಿಡಿದವರಿಗೆ ಗೊತ್ತಿಲ್ಲ. ಬೇವು ಎಂದು ನಂಬಿ ಬರಿಗೈಯಲ್ಲಿ ಹಿಡಿಯುತ್ತಾರೆ, ಬಾಗಿಲು ಮುಚ್ಚಿದ ಮನೆಯಲ್ಲಿ ಹೊಡೆಯುತ್ತಾರೆ, ಅದೇ ಕೈಯಲ್ಲಿ ಉಣ್ಣುತ್ತಾರೆ. ಬರೀ ವಿಷ ಕೊಟ್ಟು ಅದರ ಮೇಲೆ ವಿಷ ಎಂದು ಬರೆದಿದ್ದರೆ ಇಷ್ಟು ಕೆಡುಕಾಗುತ್ತಿರಲಿಲ್ಲ.

ಕೊಟ್ಟ ಬಾಟಲಿಗಳನ್ನೆಲ್ಲ ವಾಪಸು ತರಿಸು. ಆಗದಿದ್ದರೆ ಒಬ್ಬೊಬ್ಬರಿಗೂ ನಿಜ ಹೇಳು.

ಮನೆಯಲ್ಲಿ ಬೆರೆಸುವವರು ಯಾರು? ದುರ್ಗಕ್ಕನೇ? ಅವಳಿಗೆ ಹೇಳಿದ್ದೀಯಾ?

ನೀಲಗಂಗಮ್ಮ


ಸಂಡೂರು
14 ಮೇ 2006

ಶಾಂಭವಿ,

ನೀನು ಉತ್ತರ ಬರೆಯಲಿಲ್ಲ. ಸಿಟ್ಟಾಗಿದ್ದೀಯ ಎಂದುಕೊಂಡು ಸುಮ್ಮನಿದ್ದೆ.

ಇವತ್ತು ಸಂತೆಯಲ್ಲಿ ಗಾದಿಗನೂರಿನಿಂದ ತರಕಾರಿ ತರುವ ಹೊಳೆಮ್ಮ ಸಿಕ್ಕಿದ್ದಳು. ನಿಮ್ಮ ತಮ್ಮನ ಮನೆ ಕೆಲಸದಾಕಿ ಎಣ್ಣಿ ಕುಡಿದಳಂತೆ ಎಂದಳು. ನಿನಗೂ ಗೊತ್ತಲ್ಲ, ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷಕ್ಕೂ ಎಣ್ಣಿ ಎಂದೇ ಹೆಸರು; ಎಣ್ಣಿ ಕುಡಿದಳು ಅಂದರೆ ಸಾಯಲು ಹೋದಳು ಎಂದರ್ಥ. "ಗಂಡನ ಕೂಡ ಜಗಳ ಆಗಿತ್ತಂತ್ರಿ. ಪೊಲೀಸ್ನೋರು ಹಂಗ ಬರದಾರಂತ," ಅಂದಳು.

ಆ ಗುಲಗಂಜಿ ಹುಳದ ದುರ್ಗಕ್ಕನೇ? ಎಣ್ಣಿ ಕುಡಿದಳೇ? ನೀನು ಬರೆಯಬೇಕು. ಗಂಡನಿಗೆ ಗೊತ್ತಾದರೂ ಸರಿ, ಬರೆ.

ನೀಲಗಂಗಮ್ಮ


ಹೊಸಪೇಟೆ
28 ಮೇ 2006

ಅಕ್ಕ,

ದುರ್ಗಕ್ಕ ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ.

ಅವತ್ತು ಉರಿ ಬಿಸಿಲು. ಸಂಜೆ ಮನೆಗೆ ನೆಂಟರು ಬರುವವರಿದ್ದರು, ಹಾಲ್‌ನ ಗಿಡಗಳೆಲ್ಲ ಚೊಕ್ಕಟವಾಗಿರಲಿ ಅಂದೆ. ದುರ್ಗಕ್ಕ ಬಾಟಲಿಯ ಎಣ್ಣೆಯನ್ನು ಬಕೆಟ್ಟಿನಲ್ಲಿ ಬೆರೆಸಿ ಪಂಪಿನಿಂದ ಹೊಡೆಯುತ್ತಿದ್ದಳು. ಎ.ಸಿ. ಹಾಕಿತ್ತು, ಕಿಟಕಿ ಬಾಗಿಲು ಮುಚ್ಚಿತ್ತು. ಪಂಪಿನ ಬಾಯಿ ಕಟ್ಟಿಕೊಂಡಾಗ ಬಿಚ್ಚಿ ಬಾಯಿಂದ ಊದಿದಳಂತೆ. ಮೊಣಕೈವರೆಗೂ ಎಣ್ಣೆ ಸುರಿದಿತ್ತು. ನಾನು ಒಳಗಿನ ಕೋಣೆಯಲ್ಲಿದ್ದೆ. ನಾನು ನೋಡಿದ್ದರೆ ತಡೆಯುತ್ತಿದ್ದೆ ಎಂದು ನಿಮಗೆ ಹೇಳಬೇಕೆನಿಸುತ್ತದೆ.

ಬಂದು ನೋಡಿದಾಗ ನೆಲದ ಮೇಲೆ ಕೂತಿದ್ದಳು. ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು, ಕೈ ಕಾಲು ಅದುರುತ್ತಿದ್ದವು. "ಅಮ್ಮಾ, ಕಣ್ಣು ಮಬ್ಬಾಗ್ಯಾವ್ರಿ," ಅಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಈಕಿ ಎಣ್ಣಿ ಕುಡದಾಳ" ಅಂದರು. ಔಷಧಿಯನ್ನೇನೋ ಆಗಲೇ ಶುರು ಮಾಡಿದರು. ಇವರು ಅಷ್ಟರಲ್ಲಿ ಬಂದಿದ್ದರು. "ನಮ್ಮ ಮನ್ಯಾಗ ಬೇವಿನ ಎಣ್ಣಿ ಬಿಟ್ರ ಬ್ಯಾರೆ ಏನೂ ಇಲ್ರಿ ಡಾಕ್ಟ್ರೇ. ಮನ್ಯಾಗ ಏನೋ ಜಗಳ ಮಾಡ್ಕೊಂಡು ಬಂದಿದ್ಲಂತ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ಲ?" ಅಂದರು.

ಪೊಲೀಸ್ ಬರೆದುಕೊಳ್ಳಲು ಪೆನ್ನು ಹಿಡಿದು ನಿಂತಿದ್ದ. ಮೂಕಣ್ಣ ಯಾರ್ಡಿನಿಂದ ಹಾಗೇ ಓಡಿ ಬಂದಿದ್ದ. ಹುಬ್ಬು, ರೆಪ್ಪೆಯೆಲ್ಲ ಕೆಂಪು ಧೂಳು. ಅವನು ನನ್ನ ಬಾಯನ್ನೇ ನೋಡುತ್ತಿದ್ದ.

ನಾನು "ಹೌದು" ಅಂದೆ.

ಬಾಟಲಿಗಳನ್ನೆಲ್ಲ ಇವರು ಅಂದೇ ಕಾಲುವೆಗೆ ಹಾಕಿಸಿದರು. ದೊಡ್ಡವರ ಮನೆಗಳಿಂದಲೂ ಏನೋ ನೆಪ ಹೇಳಿ ವಾಪಸು ತರಿಸಿದರು. ಇನ್ನು ಯಾರಿಗೂ ತೊಂದರೆಯಿಲ್ಲ.

ಶಾಂಭವಿ


ಸಂಡೂರು
18 ಜೂನ್ 2006

ಶಾಂಭವಿ,

ಇನ್ನು ಯಾರಿಗೂ ತೊಂದರೆಯಿಲ್ಲ ಎಂದು ಬರೆದಿದ್ದೀಯ. ನಾನು ಗಾದಿಗನೂರಿಗೆ ಹೋಗಿ ಬಂದೆ. ನೋಡಿದ್ದನ್ನು ಹೇಳುತ್ತೇನೆ.

ದುರ್ಗಕ್ಕ ಪಡಸಾಲೆಯಲ್ಲಿ ಕೂತಿದ್ದಳು. ಲೋಟ ಹಿಡಿದರೆ ನೀರು ತುಳುಕುವಷ್ಟು ಕೈ ನಡುಗುತ್ತದೆ. ಅದು ಕಡಿಮೆಯಾಗಬಹುದು ಎಂದಿದ್ದಾರಂತೆ. ಅವಳ ಅತ್ತೆ ಭೀಮವ್ವ ಅವಳನ್ನು ಒಲೆಯ ಹತ್ತಿರ ಬಿಡುತ್ತಿಲ್ಲ. "ತಾನ ಕುಡದಾಕಿ, ನಾಳೆ ನಮಗ ಹಾಕಂಗಿಲ್ಲ ಅಂತ ಯಾರು ಹೇಳ್ಬೇಕ್ರಿ?" ಎಂದು ನನ್ನೆದುರಿಗೇ ಅಂದಳು. ಅತ್ತೆ ಮನೆಯಲ್ಲಿಲ್ಲದ ದಿನ, ಮತ್ತೆ ಕುಡಿದಾಳೆಂದು ಹೆದರಿ, ಗಂಡ ಯಾರ್ಡಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಾನೆ. ಹೆಂಡತಿಗೆ ಎಣ್ಣಿ ಕುಡಿಸಿದವನು ಎಂದು ಅವನನ್ನು ಜನ ಆಡಿಕೊಳ್ಳುತ್ತಾರೆ. ಕಂಪ್ಲಿಯ ಕಡೆಯಿಂದ ಅವಳ ತಮ್ಮಂದಿರು ಬಂದು ಅವನನ್ನು ಹೊಡೆದೂ ಹೋಗಿದ್ದಾರೆ.

ಮೂಕಣ್ಣ ಕೆಲಸದಿಂದ ಬರುವ ತನಕ ಕಾದು, ಮೂವರನ್ನೂ ಕೂರಿಸಿ ನಿಜ ಹೇಳಿದೆ. ಬಾಟಲಿಯಲ್ಲಿ ಏನಿತ್ತು, ಯಾರು ಬೆರೆಸಿದರು, ಯಾರಿಗೆ ಗೊತ್ತಿತ್ತು, ಎಲ್ಲ.

ದುರ್ಗಕ್ಕ ಒಂದೇ ಮಾತು ಕೇಳಿದಳು. "ಶಾಂಭವಮ್ಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು," ಅಂದೆ.

"ನಾ ಕುಡದಿಲ್ಲ ಅಂತ ಎಚ್ಚರಾದಾಗಿಂದ ಹೇಳಾಕತ್ತೀನ್ರಿ. ಅಮ್ಮಾರು ಹೌದು ಅಂದಾರ ಅಂತ ಎಲ್ಲಾರೂ ನನ್ನ ಬಾಯಿ ಮುಚ್ಚಿಸಿದ್ರು. ಆಮ್ಯಾಕ ನನಗ ಅನ್ಸಾಕತ್ತಿತ್ತು, ಕುಡದಿದ್ರೂ ಕುಡದಿರಬೇಕು, ನೆನಪಿಲ್ಲ ಅಂತ."

ಭೀಮವ್ವ ಎದ್ದು ನಿಂತಳು. "ದೊಡ್ಡೋರ ಮನಿ ಮಾತು, ಇವತ್ತ ಹಿಂಗ, ನಾಳೆ ಹಂಗ. ನಿಮಗೂ ನಿಮ್ಮ ತಮ್ಮಗೂ ಹೊಲದ ಜಗಳ ಐತಂತ, ಊರಿಗೆಲ್ಲಾ ಗೊತ್ತು. ಹೌದು ಅಂದಾಕಿ ಬಂದು ಅಲ್ಲ ಅನ್ಲಿ. ಅವಾಗ ನಂಬ್ತೀವಿ."

ಅಲ್ಲಿಂದ ಠಾಣೆಗೂ ಹೋದೆ. ಅಲ್ಲಿದ್ದವನು ಟೀ ತರಿಸಿ ಕೊಟ್ಟು, "ಪೇಷಂಟ್ ಉಳದಾಳಲ್ರಿ ತಾಯಿ, ಮತ್ತ್ಯಾಕ ಕೆದಕ್ತೀರಿ? ಬೇಕಂದ್ರ ಆ ಮನೀ ಅಮ್ಮಾರನ್ನ ಕರಕೊಂಡ್ ಬರ್ರಿ," ಅಂದ.

ಎಲ್ಲರೂ ನಿನ್ನನ್ನೇ ಕೇಳುತ್ತಿದ್ದಾರೆ. ಠಾಣೆಗೆ ಬರಲು ಹೆದರಿಕೆಯಾದರೆ ಬೇಡ. ಗಾದಿಗನೂರಿಗೆ ಬಾ. ಭೀಮವ್ವನ ಎದುರು ನಿಂತು, ಇವಳು ಕುಡಿದಿಲ್ಲ ಎಂದು ಹೇಳು. ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ.

ನೀಲಗಂಗಮ್ಮ


ಹೊಸಪೇಟೆ
9 ಜುಲೈ 2006

ಅಕ್ಕ,

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ. ಇವರು ಯಾಕೆಂದು ಕೇಳಿದರು. ಗಾದಿಗನೂರಿಗೆ ಹೋಗಿ ಬರಲೇ ಎಂದೆ.

"ಹೋಗು. ಹೋಗಿ ಹೇಳು. ಮೊದ್ಲು ನಿನ್ನ ಲೇಬಲ್ ಮ್ಯಾಲ ಏನ್ ಬರದಿತ್ತು ಅಂತ ಹೇಳು. ಜೈಲಿಗೆ ಹೋಗೋದು ನಾನಲ್ಲ, ನೀನು," ಅಂದರು.

ನೀವೇ ಹೇಳಿ, ನಾನು ಒಬ್ಬಳೇ ಮಾಡಿದ್ದೇ ಇದು? ಬೇವು ಕಲಿಸಿದವರು ನೀವು, ಎಣ್ಣೆ ತಂದವರು ಇವರು, ಹುಳ ಒಂದೇ ದಿನಕ್ಕೆ ಸಾಯಬೇಕು ಅಂದವರು ಆ ದೊಡ್ಡ ಮನೆಯವರು. ಎಲ್ಲರೂ ಆರಾಮಾಗಿದ್ದಾರೆ. ನಾನೇ ಯಾಕೆ ನಾಲ್ಕು ಜನರೆದುರು ನಿಲ್ಲಬೇಕು?

ಡ್ರೈವರ್ ಹಂಪೇಶನ ಕೈಲಿ ದುರ್ಗಕ್ಕನಿಗೆ ಒಂದು ಚೀಲ ಸೋನಾ ಮಸೂರಿ, ಒಂದು ಇಳಕಲ್ ಸೀರೆ ಕಳಿಸಿದ್ದೇನೆ. ಸೀರೆ ನನ್ನದೇ, ಒಂದು ಸಲವೂ ಉಟ್ಟಿಲ್ಲ. ಅವಳಿಗೆ ಹಸಿರು ಅಂದರೆ ಇಷ್ಟ.

ಶಾಂಭವಿ


ಸಂಡೂರು
20 ಆಗಸ್ಟ್ 2006

ಶಾಂಭವಿ,

ಬೇವು ಕಲಿಸಿದವಳು ನಾನು. ಅದನ್ನು ಇಲ್ಲವೆನ್ನುವುದಿಲ್ಲ. ಯಾರು ಕೇಳಿದರೂ ಹಾಗೇ ಹೇಳುತ್ತೇನೆ.

ನಿನ್ನ ಸೀರೆ ತಲುಪಿದೆ. ಕಳೆದ ವಾರ ಹೋದಾಗ ಭೀಮವ್ವ ಅದನ್ನು ಉಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ತಪ್ಪು ಮಾಡ್ದೋರು ಯಾರರ ಇಂಥಾ ಸೀರಿ ಕೊಡ್ತಾರೇನ್ರಿ? ಮನಿ ಕೆಲಸದಾಕಿ ಜೀವ ಕಳಕೊಳ್ಳಾಕ ಹೋದ್ಲಲ್ಲಾ ಅಂತ ಕರುಣಿ ಬಂದು ಕೊಟ್ಟಾರ," ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ನೀನು ಕಳಿಸಿದ ಸೀರೆಯೂ ನಿನ್ನ "ಹೌದು" ಎನ್ನುವ ಮಾತನ್ನೇ ಊರಿಗೆ ಹೇಳುತ್ತಿದೆ.

ಮೂಕಣ್ಣ ನನ್ನನ್ನು ನಂಬಿದ್ದಾನೆ. ಚಿಲಕ ಹಾಕುವುದನ್ನು ಬಿಟ್ಟಿದ್ದಾನೆ. ಆದರೆ ಅವನು ದುಡಿಯುವುದು ನಿನ್ನ ಗಂಡನ ಯಾರ್ಡಿನಲ್ಲಿ, ಅವನು ಬಾಯಿ ತೆರೆಯುವಂತಿಲ್ಲ. ಮನೆಯ ಅಡುಗೆ ಇನ್ನೂ ಭೀಮವ್ವನ ಕೈಯಲ್ಲೇ ಇದೆ. ದುರ್ಗಕ್ಕ ಬಡಿಸಿದ್ದನ್ನು ಅವಳ ಮಕ್ಕಳೂ ಅಜ್ಜಿಯ ಮುಖ ನೋಡಿ ಉಣ್ಣುತ್ತವೆ.

ಹೊರಟಾಗ ದುರ್ಗಕ್ಕ ಬಸ್ ನಿಲ್ದಾಣದ ತನಕ ನನ್ನ ಜೊತೆ ಬಂದಳು. ಬಸ್ಸು ಕಂಡಾಗ, "ಇನ್ನೊಮ್ಮೆ ಬರಬ್ಯಾಡ್ರಿ ಅಮ್ಮಾ," ಅಂದಳು. "ನೀವು ಒಳ್ಳೇದಕ್ಕ ಬರ್ತೀರಿ, ನನಗ ತಿಳಿತೈತಿ. ಆದ್ರ ನೀವು ಬಂದಾಗೆಲ್ಲ ಮನ್ಯಾಗ ಮತ್ತ ಅದ ಮಾತು ಏಳತೈತಿ. ಎಂಟು ದಿನ ನಮ್ಮತ್ತಿ ನನ್ನ ಬಿಡಂಗಿಲ್ಲ. ನೀವು ಹೇಳಿದ್ರ ಆಗಂಗಿಲ್ಲರಿ. ಆಕಿ ಹೇಳ್ಬೇಕು."

ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ಅವಳು ಆಗಲೇ ಬೆನ್ನು ತಿರುಗಿಸಿ ಹೊರಟಿದ್ದಳು.

ನಾನು ಇನ್ನು ಗಾದಿಗನೂರಿಗೆ ಹೋಗುವುದಿಲ್ಲ. ನಿನಗೂ ಇದೇ ನನ್ನ ಕೊನೆಯ ಕಾಗದ. ಇಷ್ಟೇ ತಿಳಿದಿರಲಿ: ನಿನ್ನ ಮನೆಯಿಂದ ಅವಳ ಮನೆಗೆ ಕಾರಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ.

ನೀಲಗಂಗಮ್ಮ